ಹತ್ತೊಂಬತ್ತರ ನಟ್ಟು

ಕುಡತಿನಿಯ ಹತ್ತಿರ ಓಮ್ನಿ ಪಂಕ್ಚರಾದ ದಿನ
ನಾಲ್ಕರಲ್ಲಿ ಮೂರು ನಟ್ಟು ಹೇಗೋ ಬಂದವು.
ನಾಲ್ಕನೆಯದು ಬರಲಿಲ್ಲ.
ಪಾನದ ಮೇಲೆ ಎರಡೂ ಕಾಲಿಟ್ಟು ನಿಂತೆ,
ಐವತ್ತೆಂಟು ಕೆಜಿಯ ನಾನು.
ಹಿಂದಿನ ಸೀಟು ತೆಗೆದ ಜಾಗದಲ್ಲಿ ಇನ್ನೂರು ಜೀನ್ಸು.
ಅದಿರಿನ ಲಾರಿಗಳು ಕೆಂಪು ತೂರುತ್ತ ಹೋದವು.
ಆ ಧೂಳೂ ಕಬ್ಬಿಣ, ಈ ನಟ್ಟೂ ಕಬ್ಬಿಣ,
ಒಂದು ಮಣ್ಣಿನಿಂದ ಹೊರಟಿದೆ, ಒಂದು ಮಣ್ಣಿಗೆ.
ನಡುವೆ ನನ್ನ ಮುಂಗೈ.

ಕೊನೆಗೆ ಕ್ಲೀನರ್ ಹುಡುಗನೊಬ್ಬ ಲಾರಿಯಿಂದ ಇಳಿದ,
ಪಾನಕ್ಕೆ ಪೈಪು ತೊಡಿಸಿ ಬಿಚ್ಚಿಕೊಟ್ಟ,
ಸ್ಟೆಪ್ನಿ ಹಾಕಿ, ಅಷ್ಟೇ ಬಲದಿಂದ
ಮತ್ತೆ ಬಿಗಿದೂ ಹೋದ.

ಈ ಕೈ ಹನ್ನೊಂದು ವರ್ಷ ಕೌಲ್ ಬಜಾರಿನಲ್ಲಿ
ಪ್ಯಾಂಟಿಗೆ ಗುಂಡಿ ಒತ್ತಿದ ಕೈ:
ಹಿಡಿಕೆ ಎಳೆ, ಟಕ್. ಹಿಡಿಕೆ ಎಳೆ, ಟಕ್.
ಆಮೇಲೆ ಕಂಪ್ರೆಸರ್ ಬಂತು, ಸೆಕೆಂಡ್ ಹ್ಯಾಂಡ್,
ಐವತ್ತು ಲೀಟರಿನ ನೀಲಿ ಹೊಟ್ಟೆ.
ಗುಂಡಿಗೆ ಉಸಿರು ಕೊಡುವುದು ನಟ್ಟಿಗೂ ಕೊಟ್ಟೀತು
ಅಂದುಕೊಂಡು ಅಂಗಡಿಗೆ ಹೋದೆ.

ಗನ್ನುಗಳು ತಲೆಕೆಳಗಾಗಿ ತೂಗುತ್ತಿದ್ದವು, ಬಾವಲಿಗಳ ಹಾಗೆ.
‘ಯಾರಿಗೆ ಮೇಡಂ, ಸಾಹೇಬ್ರಿಗಾ?’
ಅದಕ್ಕೆ ಉತ್ತರ ಕೊಡದೆ
ಎಲ್ಲಕ್ಕಿಂತ ದೊಡ್ಡದನ್ನು ಇಳಿಸು ಅಂದೆ.
‘ಸಾವಿರದ ಇನ್ನೂರು ನ್ಯೂಟನ್ ಮೀಟರ್ರಿ,
ಲಾರಿ ಗಾಲಿನೂ ಬಿಚ್ಚತೈತಿ.’
ನನ್ನ ಹತ್ತಿರ ಲಾರಿ ಇಲ್ಲಪ್ಪ.
‘ಮುಂದ ತಗೋತೀರಿ ಬಿಡ್ರಿ.’

ಮೂಲೆಯ ಸ್ಟೂಲಿನಿಂದ ಹೊನ್ನೂರ್‌ಸಾಬ್ ಕೇಳಿದರು,
ನಲವತ್ತು ವರ್ಷ ಟೈರು ಬಿಚ್ಚಿ ಒಂದು ಕಿವಿ ಕಳಕೊಂಡವರು,
‘ಟ್ಯಾಂಕ್ ಎಷ್ಟರದೈತಮ್ಮ?’
ಐವತ್ತು ಅಂದೆ. ಇನ್ನೊಂದು ಕಿವಿಗೆ ಬಂದು ಮತ್ತೆ ಅಂದೆ.
‘ನಾಕು ಸಲ ಗುರ್ ಅಂತೈತಿ, ಆಮ್ಯಾಲ ಕೆಮ್ಮತೈತಿ.
ಅದು ತುಂಬೋತನಕ ನೀವು ಚಾ ಕುಡಕೋತ ಕುಂದ್ರಬೇಕು.
ಡಬ್ಬಿ ಮ್ಯಾಲಿನ ದೊಡ್ಡ ನಂಬರ್ ಬ್ಯಾಡ,
ಎಷ್ಟು ಗಾಳಿ ಕುಡಿತೈತಿ, ಅದನ್ನ ಓದ್ರಿ.’

ಅದು ಇರುವೆ ಅಕ್ಷರದಲ್ಲಿತ್ತು. ಕನ್ನಡಕ ಮರೆತಿದ್ದೆ,
ಅವರೂ ಮರೆತಿದ್ದರು.
ಅಂಗಡಿಯವನೇ ಓದಬೇಕಾಯಿತು, ಒಲ್ಲದ ಬಾಯಲ್ಲಿ.

ಕೊನೆಗೆ ಕೈಗೆ ಬಂದದ್ದು ಅರ್ಧ ಇಂಚಿನದು,
ಕೂಸಿಗಿಂತ ಹಗುರ.
ಒಳಗೆ ಅವಳಿ ಸುತ್ತಿಗೆ: ಪೆಟ್ಟು ನಟ್ಟಿಗೆ ಹೋಗುತ್ತದೆ,
ಮುಂಗೈಗೆ ಬರುವುದು ಬರೀ ಸುದ್ದಿ.
ಸಾಕೆಟ್ ಕಪ್ಪಗಿರಲಿ ಅಂದರು ಸಾಬರು,
ಹೊಳೆಯುವುದು ಪೆಟ್ಟಿಗೆ ಸಿಡಿಯುತ್ತದಂತೆ.
ಪೈಪು ದಪ್ಪಗಿರಲಿ, ಸಣ್ಣ ಗಂಟಲಲ್ಲಿ ಗಾಳಿ ಸಾಯುತ್ತದೆ.
ಆರೂವರೆ ಸಾವಿರ ಐದೂ ಮುಕ್ಕಾಲಿಗೆ ಇಳಿಯಿತು,
ಎಣ್ಣೆಯ ಬಾಟಲಿ ಪುಕ್ಕಟೆ.

ಸಂಜೆ, ಹೊಲಿಯುವ ಹುಡುಗಿಯರು ಹೋದ ಮೇಲೆ,
ಎರಡು ಹನಿ ಎಣ್ಣೆ ಕುಡಿಸಿ
ನಾಲ್ಕನೆಯ ನಟ್ಟಿಗೆ ಗನ್ನು ಹಿಡಿದೆ.
ಒಂದು. ಎರಡು. ಜಪ್ಪಯ್ಯ ಎನ್ನಲಿಲ್ಲ.
ಆ ಹುಡುಗನ ಬಲ ಇನ್ನೂ ಅದರೊಳಗಿತ್ತು.
ಮೂರಕ್ಕೆ ಗರ್ರನೆ ತಿರುಗಿ
ಬಿಸಿಯಾಗಿ ಅಂಗೈಗೆ ಬಿತ್ತು,
ಕುಂಕುಮದಂಥ ತುಕ್ಕು, ಹಳೆ ನಾಣ್ಯದ ವಾಸನೆ.

ಆಸೆ ಆಯಿತು. ಬೇಕಿಲ್ಲದ ಮೂರು ಗಾಲಿಗಳನ್ನೂ
ಸಡಿಲಿಸಿದೆ, ಬರೀ ಸದ್ದಿಗೆ.
ಪಕ್ಕದ ಮನೆಯ ಗಾದಿಲಿಂಗಪ್ಪ ಮಾಳಿಗೆಯಿಂದ ಕೂಗಿದ,
‘ಏನಬೇ, ಬೋರ್ ಕೊರಸಾಕತ್ತೀಯೇನು?’

ಆಮೇಲೆ ಸಾಬರ ಮಾತು ನೆನಪಾಯಿತು:
ಬಿಚ್ಚಾಕ ಗನ್ನು, ಬಿಗಿಯಾಕ ಕೈ.
ಗನ್ನಿಗೆ ಸಾಕು ಅನ್ನೋದು ತಿಳಿಯಂಗಿಲ್ಲಮ್ಮ.

ಹದಿನಾರು ನಟ್ಟು, ಎದುರುಬದುರಾಗಿ,
ಸ್ವಲ್ಪ ಸ್ವಲ್ಪ, ಕೈಯಿಂದ.
ಹನ್ನೆರಡಕ್ಕೆ ಮುಂಗೈ ಹಳೆಯ ರಾಗ ತೆಗೆಯಿತು.
ಒಳಗೆ ನೀಲಿ ಹೊಟ್ಟೆ ಏದುಸಿರಲ್ಲಿ
ಖಾಲಿಯಾದದ್ದನ್ನು ತುಂಬಿಕೊಳ್ಳುತ್ತಿತ್ತು.
ಕೊನೆಯ ನಟ್ಟಿನ ಹೊತ್ತಿಗೆ,
ಯಾರೂ ಹೇಳದೆ, ತಾನಾಗಿ ನಿಂತಿತು:
ಟಕ್.